ಬಡಿಗೇರರು ಮಾಡಿಕೊಟ್ಟ ಬಾಸ್

ಈಗ ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಬಾಸ್ ಬರುತ್ತದೆ. ಅದರ ಬಗ್ಗೆ ನನ್ನ ತಕರಾರೇನಿಲ್ಲ. ಆರ್ಕೆಸ್ಟ್ರಾಗಳಿಗೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಯಾವ ಗಾಯಕರ ಹಿಂದೆ ನಿಂತು ನುಡಿಸಿದಿರಿ ಎಂಬುದೇ ಅವರಿಗೆ ಬೇಕಾದ ಸುದ್ದಿ. ಅದನ್ನು ನಾನು ಬರೆಯುವುದಿಲ್ಲ. ಹಿಂದೆ ನಿಂತವನಿಗೆ ಗಾಯಕರ ಬೆನ್ನಷ್ಟೇ ಕಾಣುತ್ತದೆ. ನಾನು ನಿಜವಾಗಿ ಕಲಿತದ್ದು ಒಂದು ವಾದ್ಯದಿಂದ ಮತ್ತು ಅದನ್ನು ಮಾಡಿಕೊಟ್ಟ ಒಬ್ಬ ಮನುಷ್ಯನಿಂದ. ಅದನ್ನು ಬರೆಯುತ್ತೇನೆ.

ಅರವತ್ತರ ದಶಕದ ಮೊದಲಲ್ಲಿ ನಾನು ಹುಬ್ಬಳ್ಳಿಯಿಂದ ಬರೋಡಾಕ್ಕೆ ಅಕ್ಕನ ಮನೆಗೆ ಬಂದೆ. ಭಾವ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿದ್ದರು. ನನಗೂ ಎಲ್ಲಾದರೂ ಗುಮಾಸ್ತಗಿರಿ ಸಿಕ್ಕೀತೆಂದು ಅವರ ಲೆಕ್ಕ. ನನಗೆ ಬರುತ್ತಿದ್ದದ್ದು ಪಿಟೀಲು ಮಾತ್ರ. ಅದೂ ಅಷ್ಟಕ್ಕಷ್ಟೇ. ಅಹಮದಾಬಾದಿನಲ್ಲಿ ಅಲೆಕ್ಸ್ ಮಾಸ್ತರ್ ಎಂಬ ಗೋವಾದವರೊಬ್ಬರು ಬ್ಯಾಂಡು ನಡೆಸುತ್ತಿದ್ದರು. ಪಾರ್ಸಿಗಳ ಮದುವೆ, ಗಿರಣಿಗಳ ವಾರ್ಷಿಕೋತ್ಸವ, ಸಿನಿಮಾ ಹಾಡುಗಳ ಕಾರ್ಯಕ್ರಮ ಎಂದು ಅವರಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಪಿಟೀಲು ಹಿಡಿದು ಅವರ ಮುಂದೆ ನಿಂತೆ. ಅವರು ಅರ್ಧ ಹಾಡು ಕೇಳಿ, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ವಾಮನ್, ವಾಯೋಲಿನ್ ಛೋಡೋ. ತುಮ್ ಲಂಬಾ ಆದ್ಮೀ. ಕಲ್ ಸೇ ಬಾಸ್," ಎಂದರು.

ಹೀಗೆ ಎತ್ತರದ ಕಾರಣಕ್ಕೆ ನಾನು ಬಾಸ್ ವಾದಕನಾದೆ. ಬಾಸ್ ಎಂದರೆ ಪಿಟೀಲಿನ ಜಾತಿಯದೇ, ಆದರೆ ಆಳೆತ್ತರದ್ದು. ಅದನ್ನು ಎದುರು ನಿಲ್ಲಿಸಿಕೊಂಡು, ದಪ್ಪ ತಂತಿಗಳನ್ನು ಬೆರಳಿನಿಂದ ಎಳೆದು ನುಡಿಸಬೇಕು. ಮಾಸ್ತರರ ಬಳಿ ಅಂಥ ಒಂದು ಹಳೆಯ ವಾದ್ಯವಿತ್ತು. ಅವರ ತಂದೆಯ ಕಾಲದ್ದು. ಒಂದು ವರ್ಷ ಬೆರಳುಗಳಲ್ಲಿ ಬೊಕ್ಕೆ ಬಂದು ಒಡೆದು ಗಟ್ಟಿಯಾದ ಮೇಲೆ ನಾನು ಬ್ಯಾಂಡಿನಲ್ಲಿ ನಿಂತೆ.

ನುಡಿಸುವುದಕ್ಕಿಂತ ಒಯ್ಯುವುದು ಕಷ್ಟವಾಗಿತ್ತು. ಮೂರನೆಯ ದರ್ಜೆಯ ಡಬ್ಬಿಯ ಬಾಗಿಲಲ್ಲಿ ಅದು ತೂರುತ್ತಿರಲಿಲ್ಲ. ಗಾರ್ಡಿನ ಡಬ್ಬಿಗೆ ಹಾಕಿ, ಇಳಿಯುವ ಸ್ಟೇಷನ್ನಿನಲ್ಲಿ ಓಡಿಹೋಗಿ ನಾವೇ ಇಳಿಸಿಕೊಳ್ಳಬೇಕು ಎಂಬುದು ಮಾಸ್ತರರ ಕಟ್ಟಪ್ಪಣೆ. ಒಂದು ಸಲ ಸೂರತ್‌ನಲ್ಲಿ ಇಳಿದಾಗ ನನಗೆ ಚಹಾದ ಚಪಲ ಹತ್ತಿತು. ಗಾಡಿ ಇಲ್ಲಿ ಸಾಕಷ್ಟು ಹೊತ್ತು ನಿಲ್ಲುತ್ತದಲ್ಲ, ಹೋದರಾಯಿತು ಎಂದುಕೊಂಡೆ. ನಾನು ಹೋಗುವಷ್ಟರಲ್ಲಿ ಯಾರೋ ಅದನ್ನು ಪ್ಲಾಟ್‌ಫಾರ್ಮಿಗೆ ಇಳಿಸಿ, ಅದರ ಮೇಲೆ ಬಟ್ಟೆಯ ಬೇಲುಗಳನ್ನು ಇಟ್ಟಿದ್ದರು. ಅವರಿಗೆ ಅದೇನೆಂದು ಗೊತ್ತಿರಲಿಲ್ಲ. ಗೊತ್ತಿದ್ದವನು ಚಹಾ ಕುಡಿಯುತ್ತಿದ್ದ. ಬಿಚ್ಚಿ ನೋಡಿದರೆ ಹೊಟ್ಟೆ ಪೂರ್ತಿ ಕುಸಿದು, ಕುತ್ತಿಗೆ ಬೇರೆಯಾಗಿತ್ತು.

ಮಾಸ್ತರರು ಬಂದು ನೋಡಿದರು. ಬೈಯಲಿಲ್ಲ. ಮಂಡಿಯೂರಿ ಕೂತು ಚೂರುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದರು. ಆ ದಿನ ಬಾಸ್ ಇಲ್ಲದೆಯೇ ಕಾರ್ಯಕ್ರಮ ನಡೆಯಿತು. ನಾನು ಮರಾಕಸ್ ಎಂಬ ಗಿಲಕಿ ಅಲ್ಲಾಡಿಸುತ್ತ ನಿಂತಿದ್ದೆ. ವಾಪಸು ಬರುವಾಗ ಗಾಡಿಯಲ್ಲಿ ಒಂದೇ ಮಾತು ಹೇಳಿದರು. ಬೊಂಬಾಯಿಯಲ್ಲಿ ವಿದೇಶಿ ಪತ್ರಿಕೆಯೊಂದರಲ್ಲಿ ಹೊಟ್ಟೆಯಿಲ್ಲದ ಬಾಸಿನ ಚಿತ್ರ ನೋಡಿದ್ದರಂತೆ. ಕೋಲಿನ ಹಾಗೆ ಇರುತ್ತದಂತೆ. ಕರೆಂಟಿನಿಂದ ದನಿ ಬರುತ್ತದಂತೆ. "ಅಂಥದ್ದನ್ನು ತಾ. ಇಲ್ಲವಾದರೆ ನೀನೂ ಬರಬೇಡ," ಎಂದು ಹಿಂದಿಯಲ್ಲಿ ಹೇಳಿ, ಮುಖ ಕಿಟಕಿಯ ಕಡೆಗೆ ತಿರುಗಿಸಿದರು.

ಮುರಿದ ಕುತ್ತಿಗೆಯನ್ನೂ ಚೂರುಗಳ ಚೀಲವನ್ನೂ ಅಕ್ಕನ ಮನೆಗೆ ತಂದಿಟ್ಟೆ. ಅಕ್ಕ ಅದನ್ನು ನೋಡಿ, "ಇದಕ್ಕ ಶಂಕ್ರಪ್ಪ ಬಡಿಗ್ಯಾರನ್ನ ಬಿಟ್ರ ಗತಿ ಇಲ್ಲ," ಎಂದಳು.

ಶಂಕ್ರಪ್ಪ ಬಡಿಗೇರರು ಗದಗಿನ ಕಡೆಯವರು. ಬರೋಡಾದ ಅಂಚಿನ ಮಕರಪುರದ ಒಂದು ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದರು. ಕಬ್ಬಿಣದ ಎರಕ ಹೊಯ್ಯುವ ಮೊದಲು ಆ ಭಾಗವನ್ನು ಮರದಲ್ಲಿ ಕಡೆದು ಮಾದರಿ ಮಾಡಬೇಕಾಗುತ್ತದೆ. ಅದು ಅವರ ಕೆಲಸ. ಮನೆ ಅಲ್ಲೇ ಹತ್ತಿರದ ಮಂಜಲ್‌ಪುರದಲ್ಲಿ. ಹಬ್ಬಹರಿದಿನಗಳಲ್ಲಿ ಕನ್ನಡದ ಮನೆಗಳವರು ಸೇರಿದಾಗ ಅವರನ್ನು ನೋಡಿದ್ದೆ. ಕಡಿಮೆ ಮಾತು, ಸದಾ ನಗುಮುಖ. ಅಷ್ಟೇ ಗೊತ್ತಿತ್ತು.

ಒಂದು ಭಾನುವಾರ ಕುತ್ತಿಗೆಯನ್ನೂ ಚೂರುಗಳ ಚೀಲವನ್ನೂ ಒಯ್ದು ಅವರ ಮುಂದಿಟ್ಟೆ. ಅವರು ಚೂರುಗಳನ್ನು ತಿರುಗಿಸಿ ನೋಡಿದರು.

"ಅಲ್ರೀ ವಾಮನರಾವ್, ಇಷ್ಟ್ ದೊಡ್ಡದರ ಹೊಟ್ಟ್ಯಾಗ ಏನೂ ಇರಲಿಲ್ಲೇನು?"

"ಗಾಳಿ ಇತ್ತ್ರೀ ಅಣ್ಣಾ. ಅದರಿಂದನ ದನಿ."

"ಏನು?"

ಇನ್ನೊಮ್ಮೆ ಹೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಕುತ್ತಿಗೆಯ ಮೇಲೆ ಉಳಿದಿದ್ದ ಒಂದು ತಂತಿಯನ್ನು ಎಳೆದು ಹಿಡಿಯಲು ಹೇಳಿ, ಮರದ ತುದಿಯನ್ನು ಹಲ್ಲಿನಿಂದ ಕಚ್ಚಿಕೊಂಡರು. ಬೆರಳಿನಿಂದ ಮೀಟು ಎಂದು ಸನ್ನೆ ಮಾಡಿದರು. ಮೀಟಿದೆ. ಕಣ್ಣು ಮುಚ್ಚಿ ತಲೆಯಾಡಿಸಿದರು. ಅವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ನನಗೆ ತಿಳಿದದ್ದು ಹಾಗೆ. ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತುಟಿ ನೋಡಿ, ಅಂದಾಜು ಮಾಡಿ, ನಕ್ಕು ದಿನ ಕಳೆಯುತ್ತಿದ್ದರು. ಆ ನಗುಮುಖದ ಕಾರಣವೂ ಆಗ ತಿಳಿಯಿತು.

ಕೆಲಸ ಭಾನುವಾರಗಳಲ್ಲಿ ಮಾತ್ರ ನಡೆಯಿತು. ಪಕ್ಕದ ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುವ ಹಸ್ಮುಖಭಾಯಿ ಸೇರಿಕೊಂಡರು. ಮೂವರೂ ಸೇರಿ ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಈ ವೃತ್ತಿಗೆ ಬರುವವರಿಗೆ ಅವೇ ಹೆಚ್ಚು ಉಪಯೋಗ.

ಹಸ್ಮುಖಭಾಯಿ ಮೊದಲು ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿ ಬಾಸಿನ ತಂತಿಗಳ ಕೆಳಗೆ ಕೂರಿಸಿದರು. ದನಿಯೇ ಬರಲಿಲ್ಲ. ಎರಡು ವಾರ ಬಿಚ್ಚಿ ಜೋಡಿಸಿ, ಜೋಡಿಸಿ ಬಿಚ್ಚಿ ಸುಸ್ತಾದ ಮೇಲೆ ಹೊಳೆಯಿತು: ನಮ್ಮ ಬಾಸಿನ ತಂತಿಗಳು ಕುರಿಯ ಕರುಳಿನವು. ಅಯಸ್ಕಾಂತಕ್ಕೆ ಕರುಳು ಏನು ಗೊತ್ತು? ಕೊನೆಗೆ ಗ್ರಾಮಫೋನಿನ ಮುಳ್ಳು ಕೂರುವ ಪುಟ್ಟ ಗೂಡಿನಿಂದ ಹರಳನ್ನು ತೆಗೆದು, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯೊಳಗೆ ಕೂರಿಸಿದರು. ಮರ ನಡುಗಿದರೆ ಹರಳು ನಡುಗುತ್ತದೆ, ಆಂಪ್ಲಿಫೈಯರ್ ಕೂಗುತ್ತದೆ. ಕೂಗಿತು.

ಬಡಿಗೇರರ ತಪ್ಪು ಅವರ ವೃತ್ತಿಯದೇ. ಕಬ್ಬಿಣ ಆರಿದಾಗ ಕುಗ್ಗುತ್ತದೆಂದು ಪ್ಯಾಟರ್ನ್ ಮಾಡುವವರ ಅಳತೆಪಟ್ಟಿಯಲ್ಲಿ ಇಂಚೇ ಕೂದಲೆಳೆಯಷ್ಟು ಉದ್ದ ಇರುತ್ತದೆ. ಅಭ್ಯಾಸಬಲದಿಂದ ಅದರಲ್ಲೇ ಅಳೆದು ಕುದುರೆಯ ಜಾಗ ಗುರುತಿಸಿದ್ದರು. ನಾನು ನುಡಿಸಿದ ಪ್ರತಿ ಸ್ವರವೂ ತುಸು ಕೆಳಗೆ ಬೀಳುತ್ತಿತ್ತು. ಅವರಿಗೆ ಅದು ಕೇಳಿಸುತ್ತಿರಲಿಲ್ಲ. ನನಗೆ ಕೇಳಿಸಿದರೂ ಕಾರಣ ತಿಳಿಯಲಿಲ್ಲ. ಕಡೆಗೆ ಅಕ್ಕನ ಹೊಲಿಗೆಯ ಟೇಪು ಹಿಡಿದಾಗ ಗುಟ್ಟು ರಟ್ಟಾಯಿತು. ಬಡಿಗೇರರು ಹಣೆ ಚಚ್ಚಿಕೊಂಡು, "ಇದು ಆರಿ ಕುಗ್ಗತದ ಅಂತ ಮಾಡಿದ್ನಲ್ಲೋ ತಮ್ಮಾ!" ಎಂದು ನಕ್ಕರು. ಅಂದಿನಿಂದ ನಾನು ಅವರಿಗೆ ವಾಮನರಾವ್ ಆಗಿ ಉಳಿಯಲಿಲ್ಲ.

ನನ್ನ ತಪ್ಪು ಇನ್ನೊಂದು. ಹೊಟ್ಟೆಯಿಲ್ಲದ ವಾದ್ಯ ಬೇಕೆಂದು ನಾನು ಹೇಳಿದೆ, ಅವರು ತೇಗದ ನೆಟ್ಟನೆಯ ದಿಮ್ಮಿಗೆ ಕುತ್ತಿಗೆ ಸೇರಿಸಿ ಕೊಟ್ಟರು. ಹಳೆಯ ಬಾಸಿನಲ್ಲಿ ಕೈ ಕೆಳಗಿಳಿದಾಗ ಹೊಟ್ಟೆಯ ಭುಜ ತಾಗುತ್ತಿತ್ತು; ಕೈ ಎಲ್ಲಿದೆ ಎಂದು ಗೊತ್ತಾಗುತ್ತಿದ್ದದ್ದು ಅದರಿಂದಲೇ. ಇಲ್ಲಿ ತಾಗುವುದಕ್ಕೆ ಏನೂ ಇಲ್ಲ. ಅಹಮದಾಬಾದಿನ ನರೋಡಾದ ಒಂದು ಕಾರ್ಖಾನೆಯ ಸಮಾರಂಭದಲ್ಲಿ ಮೊದಲ ಸಲ ನುಡಿಸಿದಾಗ, ಕತ್ತಲಲ್ಲಿ ಮೆಟ್ಟಿಲಿಳಿಯುವವನಂತೆ ಸ್ವರಗಳನ್ನು ತಡಕಾಡಿದೆ. ಬಡಿಗೇರರು ಒಂದು ಅರ್ಧಚಂದ್ರಾಕಾರದ ಮರದ ತುಂಡನ್ನು ಭುಜದ ಜಾಗದಲ್ಲಿ ಕೂರಿಸಿಕೊಟ್ಟ ಮೇಲೆ ಸರಿಹೋಯಿತು.

ಮಾಸ್ತರರು ಅದನ್ನು ನೋಡಿ, ತಮ್ಮ ತಂದೆಯ ಕಾಲದ ಕುತ್ತಿಗೆಯ ಮೇಲೆ ಕೈಯಾಡಿಸಿ, "ಠೀಕ್," ಎಂದರು. ನನ್ನ ಕೆಲಸ ಉಳಿಯಿತು.

ಅಹಮದಾಬಾದು, ಬರೋಡಾ, ಸೂರತ್ ಮೂರೂ ಊರುಗಳ ನಡುವೆ ಅದನ್ನು ಹೊತ್ತು ತಿರುಗಿದೆ. ಈಗ ಅದು ಡಬ್ಬಿಯೊಳಗೆ ಬರುತ್ತಿತ್ತು. ಜಮಖಾನೆಯಲ್ಲಿ ಸುತ್ತಿ, ಸೀಟಿನ ಕೆಳಗೆ ಉದ್ದಕ್ಕೆ ಮಲಗಿಸುತ್ತಿದ್ದೆ. ಸೂರತ್ ಕಡೆಗೆ ಹೋಗುವಾಗ ಯಾರಾದರೊಬ್ಬರು ಮುಟ್ಟಿ ನೋಡಿ, "ಸಾಳನೋ ಭಾಗ ಛೇ?" ಎಂದು, ಅಂದರೆ ಮಗ್ಗದ ಭಾಗವೋ ಎಂದು ಕೇಳುವುದು ಖಾಯಂ. ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ಹೌದೆನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಸೂರತ್‌ನ ಮದುವೆಗೆ ಹೋದಾಗ, ಟಾಂಗಾ ಸಿಗದೆ ಬಾಸನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಒಂದೆರಡು ಗಂಟೆ ಇಟ್ಟುಕೊಂಡು ಕೂತಿದ್ದೆ. ಸಂಜೆ ಕಾರ್ಯಕ್ರಮ ಶುರುವಾದರೆ ದನಿಯಿಲ್ಲ. ಗ್ರಾಮಫೋನಿನ ಹರಳು ಒಂದು ಬಗೆಯ ಉಪ್ಪಿನದು, ಹೆಚ್ಚು ಬಿಸಿ ತಾಗಿದರೆ ಸತ್ತುಹೋಗುತ್ತದೆ. ಇದನ್ನು ಹಸ್ಮುಖಭಾಯಿ ನನಗೆ ಮೊದಲೇ ಹೇಳಿದ್ದರು, ನಾನು ಮರೆತಿದ್ದೆ. ಸುಮ್ಮನೆ ನುಡಿಸಿದಂತೆ ಬೆರಳಾಡಿಸಿದೆ. ಮೂರು ಹಾಡು ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯದರಲ್ಲಿ ಮಾಸ್ತರರು ತಿರುಗಿ ನೋಡಿ, ಪಿಟೀಲು ನುಡಿಸುತ್ತಲೇ ನನ್ನ ಕಾಲು ತುಳಿದರು. ಅದಾದ ಮೇಲೆ ಬೇಸಿಗೆಯಲ್ಲಿ ಕುದುರೆಗೆ ದಪ್ಪನೆಯ ಒಣ ಬಟ್ಟೆ ಸುತ್ತಿ, ನೆರಳು ಹುಡುಕಿ ಒಯ್ಯುತ್ತಿದ್ದೆ. ಎರಡು ಹರಳು ಹೆಚ್ಚಿಗೆ ಜೇಬಿನಲ್ಲಿರುತ್ತಿದ್ದವು.

ಇಷ್ಟೂ ಸಣ್ಣ ತಪ್ಪುಗಳು. ದೊಡ್ಡದು ಮಕರಪುರದಲ್ಲಾಯಿತು.

ಬಡಿಗೇರರ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ನಮ್ಮ ಬ್ಯಾಂಡನ್ನು ಕರೆದರು. ಬಡಿಗೇರರು ಮೂರನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದರು. ನನಗೆ ಉಮೇದು ಬಂತು. ಮಾಸ್ತರರ ಅಪ್ಪಣೆ ಕೇಳಿ ಮೈಕಿನ ಮುಂದೆ ಹೋದೆ. ಈ ವಾದ್ಯ ಮಾಡಿದವರು ನಿಮ್ಮದೇ ಪ್ಯಾಟರ್ನ್ ವಿಭಾಗದ ಶಂಕ್ರಪ್ಪ ಬಡಿಗೇರರು ಎಂದು ಹಿಂದಿಯಲ್ಲಿ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನನ್ನನ್ನು ಮುಂದಕ್ಕೆ ತಳ್ಳಿತು. "ಇವರಿಗೆ ಕಿವಿ ಕೇಳಿಸುವುದಿಲ್ಲ, ಆದರೂ ಇದನ್ನು ಮಾಡಿದರು. ಹಲ್ಲಿನಿಂದ ಕಚ್ಚಿ ಸ್ವರ ಹಿಡಿಯುತ್ತಾರೆ," ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ಎಲ್ಲರೂ ತಿರುಗಿ ನೋಡಿದ್ದು ಕಂಡು ಬಡಿಗೇರರು ಎದ್ದು ನಿಂತರು. ನಾನು ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ನಾಲ್ಕೂ ಕಡೆ ಕೈಮುಗಿದು, ಕೂತು, ಉಳಿದವರ ಜೊತೆ ತಾವೂ ಚಪ್ಪಾಳೆ ತಟ್ಟಿದರು.

ಹದಿನೈದು ದಿನಗಳ ಮೇಲೆ ಹಸ್ಮುಖಭಾಯಿ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿದರು. ಕಾರ್ಖಾನೆಯವರು ಬಡಿಗೇರರನ್ನು ಡಾಕ್ಟರರ ಹತ್ತಿರ ಕಳಿಸಿ ಕಿವಿ ಪರೀಕ್ಷೆ ಮಾಡಿಸಿದ್ದರು. ಪ್ಯಾಟರ್ನ್ ವಿಭಾಗದಿಂದ ತೆಗೆದು ಸ್ಟೋರಿಗೆ ಹಾಕಿದ್ದರು. ಈಗ ಅವರು ಮೊಳೆ, ಸ್ಕ್ರೂ, ಕೈಗವಸು ಎಣಿಸಿ ಕೊಡುತ್ತಿದ್ದರು.

ಆ ಭಾನುವಾರ ಮಂಜಲ್‌ಪುರಕ್ಕೆ ಹೋದೆ. ಅವರು ಒಬ್ಬರೇ ಕೂತು ಉಳಿಗಳಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು.

"ಬಾ. ಕೂಡು," ಎಂದರು. ನಾನು ಕೂತೆ.

"ಮೈಕಿನ್ಯಾಗ ಏನಂದಿ? ಎಲ್ಲಾರೂ ಏನೇನೋ ಹೇಳ್ತಾರ. ನೀನ ಹೇಳು. ಸಾವಕಾಶ ಹೇಳು, ನಿನ್ನ ತುಟಿ ನೋಡ್ತೀನಿ."

ನಾನು ಅಂದು ಹೇಳಿದ್ದನ್ನು ಕನ್ನಡದಲ್ಲಿ, ಒಂದೊಂದೇ ಮಾತಾಗಿ, ಅವರ ಮುಖ ನೋಡುತ್ತ ಮತ್ತೆ ಹೇಳಿದೆ. ಮೈಕಿನ ಮುಂದೆ ಅರ್ಧ ನಿಮಿಷ ಹಿಡಿದ ಮಾತು. ಇಲ್ಲಿ ಬಹಳ ಹೊತ್ತು ಹಿಡಿಯಿತು. ಹಲ್ಲಿನಿಂದ ಕಚ್ಚುವ ಸಂಗತಿ ಬಂದಾಗ ಅವರು ಕಣ್ಣು ಕೆಳಗೆ ಮಾಡಿದರು. ಹಾಗಾಗಿ ಅದನ್ನು ಎರಡು ಸಲ ಹೇಳಬೇಕಾಯಿತು.

"ಸುಳ್ಳೇನ ಹೇಳಿಲ್ಲ ಬಿಡು," ಎಂದರು. ಇನ್ನೊಂದು ಉಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, "ಆದ್ರ ಅದು ನಾ ಹೇಳೋದಿತ್ತು," ಎಂದರು.

"ತಪ್ಪಾತ್ರೀ ಅಣ್ಣಾ. ನಾ ಮ್ಯಾನೇಜರ್ ಹತ್ರ ಹೋಗಿ ಮಾತಾಡ್ತೀನಿ."

"ಮತ್ತ ನೀನ ಮಾತಾಡ್ತಿ?"

ಆ ಪ್ರಶ್ನೆ ಅರ್ಥವಾಗುವ ವಯಸ್ಸು ನನ್ನದಾಗಿರಲಿಲ್ಲ. ಮರುದಿನವೇ ಹೋದೆ. ಮ್ಯಾನೇಜರು ಗುಜರಾತಿನವರೇ, ಸಜ್ಜನರು. ನೀರು ತರಿಸಿ ಕೊಟ್ಟು, ಪೂರ್ತಿ ಕೇಳಿಸಿಕೊಂಡರು. "ಪ್ಯಾಟರ್ನ್ ವಿಭಾಗದಲ್ಲಿ ಗರಗಸದ ಯಂತ್ರ ಓಡುತ್ತದೆ. ಹಿಂದಿನಿಂದ ಒಬ್ಬ ಪಕ್ಕಕ್ಕೆ ಸರಿ ಎಂದು ಕೂಗುತ್ತಾನೆ, ಇವರಿಗೆ ಕೇಳಿಸುವುದಿಲ್ಲ. ಇವರ ಕೈ ಹೋದರೆ ನೀವು ಬಂದು ಅವರ ಹೆಂಡತಿಗೆ ಹೇಳುತ್ತೀರಾ? ಇಷ್ಟು ದಿನ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾನು ಸುಮ್ಮನಿರುವಂತಿಲ್ಲ," ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಬಡಿಗೇರರು ಹೇಳಿದ್ದೂ ಸರಿಯಾಗಿತ್ತು. ನಡುವೆ ತಪ್ಪಿದವನು ನಾನೊಬ್ಬ.

ಆಮೇಲೆ ಮಂಜಲ್‌ಪುರದ ಕಡೆಗೆ ಹೋಗುವುದನ್ನೇ ಬಿಟ್ಟೆ. ಸುಮಾರು ಒಂದು ವರ್ಷ ಹಬ್ಬಗಳಿಗೂ ಹೋಗಲಿಲ್ಲ. ಅಕ್ಕ ಕೇಳಿದರೆ ಪ್ರೋಗ್ರಾಂ ಇದೆ ಎನ್ನುತ್ತಿದ್ದೆ. ಆ ಮಳೆಗಾಲದಲ್ಲಿ ಬಾಸಿನ ಕುತ್ತಿಗೆ ಬುಡದಲ್ಲಿ ಬಿಟ್ಟುಕೊಂಡಿತು. ಅಹಮದಾಬಾದಿನಲ್ಲಿ ಮರಗೆಲಸದವರೊಬ್ಬರಿಂದ ಅಂಟು ಹಾಕಿಸಿದೆ. ಒಂದು ತಿಂಗಳೂ ನಿಲ್ಲಲಿಲ್ಲ. ಇನ್ನೊಬ್ಬರು ಮೊಳೆ ಹೊಡೆದರು. ದನಿ ಕೆಟ್ಟಿತು. ಮಾಸ್ತರರು ನೋಡಿ ನೋಡಿ, "ವಾಮನ್, ಇದನ್ನು ಮಾಡಿದವರು ಬದುಕಿದ್ದಾರಲ್ಲ?" ಎಂದು ಕೇಳಿದರು. ಅವರಿಗೆ ಎಲ್ಲ ಗೊತ್ತಿತ್ತು.

ಹೋದೆ. ಬಡಿಗೇರರು ನನ್ನನ್ನು ನೋಡಲಿಲ್ಲ, ಮೊಳೆಯನ್ನು ನೋಡಿದರು.

"ಯಾವ ಮೂಳಾ ಹೊಡದಾ ಇದನ್ನ?" ಎಂದು ಇಕ್ಕಳ ಕೈಗೆತ್ತಿಕೊಂಡರು. ಮೊಳೆ ಹೊರಬಂದ ಮೇಲೆ ತಲೆಯೆತ್ತಿ, "ಸೊರಗೀದಿ. ಅಕ್ಕ ಊಟಕ್ಕ ಹಾಕಂಗಿಲ್ಲೇನು?" ಎಂದು ಕೇಳಿದರು. ಒಂದು ವರ್ಷದ ಬಗ್ಗೆ ಅಷ್ಟೇ ಮಾತು.

ರಿಪೇರಿ ನಡೆಯುವಾಗ ಗೋಡೆಯ ಪಕ್ಕ ಅರ್ಧ ಕಡೆದ ಒಂದು ಮರದ ಮಾದರಿ ಕಂಡಿತು. ಪಂಪಿನ ಹೊರಮೈಯಂಥದ್ದು, ಒಳಗೆ ಶಂಖದ ಸುರುಳಿ. ಪ್ಯಾಟರ್ನ್ ವಿಭಾಗದವರಿಗೆ ಆಗದ ಕಠಿಣ ಮಾದರಿಗಳನ್ನು ಮ್ಯಾನೇಜರು ಸದ್ದಿಲ್ಲದೆ ಸ್ಟೋರಿಗೆ ಕಳಿಸಲು ಶುರುಮಾಡಿದ್ದರು. ಯಂತ್ರವಿಲ್ಲದ ಮೂಲೆಯಲ್ಲಿ, ಕೈ ಉಳಿಗಳಲ್ಲೇ ಬಡಿಗೇರರು ಮಾಡಿಕೊಡುತ್ತಿದ್ದರು. ಇದು ಮನೆಗೆ ತಂದದ್ದು. ಕಾಗದದ ಮೇಲೆ ಮಾತ್ರ ಅವರು ಕೊನೆಯವರೆಗೂ ಸ್ಟೋರಿನವರಾಗಿಯೇ ಉಳಿದರು. ಪ್ಯಾಟರ್ನ್ ಮೇಕರ್ ಎಂಬ ಹೆಸರು ಮರಳಿ ಬರಲಿಲ್ಲ. ಇದನ್ನು ಏರ್ಪಾಟು ಮಾಡಿದವರು ಯಾರು ಎಂದು ಕೇಳಿದೆ. "ನಾನ ಹೋಗಿ ಕೇಳಿದೆ," ಎಂದರು.

ಅದೇ ಚಳಿಗಾಲದಲ್ಲಿ ಸೂರತ್‌ನಲ್ಲಿ ಒಂದು ನವಜೋತ್ ಇತ್ತು. ಪಾರ್ಸಿ ಮಕ್ಕಳಿಗೆ ಧರ್ಮದೀಕ್ಷೆ ಕೊಡುವ ಸಮಾರಂಭ ಅದು. ಬಡಿಗೇರರು ತಾವಾಗಿಯೇ, "ನಾನೂ ಬರ್ತೀನಿ, ಕುತ್ತಿಗಿ ಹೆಂಗ ನಿಂತದ ನೋಡಬೇಕು," ಎಂದರು. ವೇದಿಕೆಯ ಪಕ್ಕದಲ್ಲೇ ಅವರಿಗೆ ಕುರ್ಚಿ ಹಾಕಿಸಿದೆ. ಸಂಜೆಯ ಬೆಳಕು ಇನ್ನೂ ಇತ್ತು. ಎರಡು ಹಾಡುಗಳ ನಡುವೆ ಮನೆಯ ಹಿರಿಯರೊಬ್ಬರು ಊರುಗೋಲು ಹಿಡಿದು ಬಂದು, ಬಾಸಿನ ಸುತ್ತ ಒಂದು ಸುತ್ತು ಹಾಕಿದರು. ಯಾರು ಮಾಡಿದ್ದು ಎಂದು ಗುಜರಾತಿಯಲ್ಲಿ ಕೇಳಿದರು. ನಾನು ಬಡಿಗೇರರ ಕಡೆಗೆ ಕೈ ಮಾತ್ರ ತೋರಿಸಿದೆ.

ಮುದುಕರು ಅವರ ಹತ್ತಿರ ಹೋಗಿ, "ಕೇಟಲಾ ದಿವಸ ಲಾಗ್ಯಾ?" ಎಂದರು. ಎಷ್ಟು ದಿನ ಹಿಡಿಯಿತು ಎಂದು.

ಬಡಿಗೇರರು ನಕ್ಕು, "ಗದಗ. ಮೈಸೂರ್ ಸ್ಟೇಟ್," ಎಂದರು.

ಮುದುಕರು ಗೊಂದಲದಿಂದ ನನ್ನ ಕಡೆಗೆ ನೋಡಿದರು. ಸುತ್ತ ಇದ್ದವರೂ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅದು ನಾಲಿಗೆಯ ತುದಿಗೆ ಬಂದಿತ್ತು. ಬಾಸಿನ ಕಿವಿಯನ್ನು ತಿರುಗಿಸುತ್ತ, ಶ್ರುತಿ ಮಾಡುವವನಂತೆ ತಲೆ ತಗ್ಗಿಸಿ ನಿಂತೆ.

ಬಡಿಗೇರರು ಎಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದರು. ಉತ್ತರ ತಪ್ಪಿದೆ ಎಂದು ಅವರಿಗೆ ಗೊತ್ತಾಯಿತು. ಬಲಗೈ ಎತ್ತಿ ಕಿವಿ ಮುಟ್ಟಿಕೊಂಡು, ತಮಗೆ ಬರುವ ಗುಜರಾತಿ ಹಿಂದಿ ಎರಡನ್ನೂ ಬೆರೆಸಿ, "ಕಾನ್ ಬರಾಬರ್ ನಥೀ, ಸೇಠ್. ಜೋರ್ ಸೇ ಬೋಲೋ," ಎಂದರು. ಕಿವಿ ಸರಿಯಿಲ್ಲ, ಜೋರಾಗಿ ಹೇಳಿ ಎಂದು. ಅಪರಿಚಿತರ ಮುಂದೆ ಅವರು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅರೇ, ಮಾರಾ ಪಣ್ ನಥೀ!" ಎಂದು ಮುದುಕರು ತಮ್ಮ ಕಿವಿಯನ್ನೂ ತಟ್ಟಿಕೊಂಡರು. ಅವರಿಗೂ ಕೇಳಿಸುತ್ತಿರಲಿಲ್ಲ. ಬಾಗಿ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿ ಕೇಳಿದರು.

"ಚಾರ್ ಮಹೀನಾ," ಎಂದು ಬಡಿಗೇರರು ನಾಲ್ಕು ಬೆರಳು ಎತ್ತಿದರು. ಆಮೇಲೆ ಮೂರು ಬೆರಳು ತೋರಿಸಿ, "ತೀನ್ ಮಹೀನಾ ಗಲತ್," ಎಂದರು. ಅದರಲ್ಲಿ ಮೂರು ತಿಂಗಳು ತಪ್ಪಿಗೇ ಹೋಯಿತು ಎಂದು.

ಮುದುಕರು ನಕ್ಕು, ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತರು. ಮಾಸ್ತರರು ಕೈಯೆತ್ತಿದರು. ನಾವು ನುಡಿಸತೊಡಗಿದೆವು. ಅವತ್ತು ಬಾಸ್ ಚೆನ್ನಾಗಿ ಕೂಗುತ್ತಿತ್ತು, ಕುತ್ತಿಗೆಯೂ ಗಟ್ಟಿಯಾಗಿ ನಿಂತಿತ್ತು. ಬಡಿಗೇರರು ಗಾಳಿಯಲ್ಲಿ ಏನನ್ನೋ ಅಳೆದು, ಕಡೆದು ತೋರಿಸುತ್ತಿದ್ದರು. ಮುದುಕರು ಊರುಗೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು ಹೀಗೋ ಎಂದು ಕೇಳುತ್ತಿದ್ದರು. ಆ ಇಬ್ಬರೂ ನಮ್ಮ ಕಡೆಗೆ ಒಮ್ಮೆಯೂ ತಿರುಗಲಿಲ್ಲ.